ನಿಮಿಷಕ್ಕೆ ನೂರಿಪ್ಪತ್ತೆಂಟು

ಶಿಡ್ಲಘಟ್ಟ. ಗೂಡಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿ.
ಜಬೀವುಲ್ಲಾನ ರೀಲಿಂಗ್ ಶೆಡ್ಡು.
ಹಗಲೆಲ್ಲ ಅಲ್ಲಿ ಗೂಡು ಬೇಯುತ್ತದೆ,
ರಾತ್ರಿ ಒಂಬತ್ತರ ಮೇಲೆ ನಾವು.

ಇಪ್ಪತ್ತಾರು ವರ್ಷದ ಬ್ಯಾಂಡು. ಹೆಸರು ‘ಕಬ್ಬಿಣದ ಕಡಲೆ’.
ಇಟ್ಟಾಗ ಎಲ್ಲರ ಹಲ್ಲೂ ಗಟ್ಟಿಯಿತ್ತು.
ಈಗ ಗಿಟಾರಿನ ಪಾಪಣ್ಣನಿಗೆ ಎರಡು ಕಟ್ಟಿಸಿದವು,
ನನಗೆ ಸಕ್ಕರೆ,
ಕಿರುಚುವ ಲಕ್ಷ್ಮೀಪತಿಗೆ ಡಾಕ್ಟರು
ಮೆಲ್ಲಗೆ ಮಾತಾಡಿ ಎಂದು ಬರೆದೇ ಕೊಟ್ಟಿದ್ದಾರೆ.
ಜಬೀವುಲ್ಲಾನ ಬಲತೋಳು ಎದೆಮಟ್ಟ ದಾಟಿ ಏಳುವುದಿಲ್ಲ.
ಸಿಂಬಲ್ಲು ಅಲ್ಲಿಂದ ಇನ್ನೂ ಒಂದು ಗೇಣು ಮೇಲೆ.

ಅದಕ್ಕೇ ಬಂದದ್ದು ಲ್ಯಾಪ್‌ಟಾಪು.
ಪ್ರಯೋಗ, ಹೊಸ ಹಾದಿ ಅಂತೆಲ್ಲ
ಯಾರಾದರೂ ಕೇಳಿದರೆ ಹೇಳುತ್ತೇವೆ;
ಇದ್ದದ್ದು ಒಂದು ತೋಳು.

ನಫೀಸಾ, ಅವನ ಅಕ್ಕನ ಮಗಳು,
ಹಗಲು ಹರಾಜಿನ ಲಾಟ್ ನಂಬರು ಬರೆಯುವವಳು,
ಬೀಟು ಹಾಕಿದಳು. ಡಬ್ ಡಬ್ ಡಬ್ ಡಬ್.
‘ನಿಮಿಷಕ್ಕೆ ನೂರಿಪ್ಪತ್ತೆಂಟು, ಮಾಮೂ.’

‘ಹಿಟ್ಟಿನ ಗಿರಣಿ ಕಣ್ರೋ ಇದು’ ಅಂದ ಪಾಪಣ್ಣ.
‘ಮೆರವಣಿಗೆ ಕುದುರೆ ಕುಣಿದೀತು, ನಾನಲ್ಲ’
ಅಂದ ಲಕ್ಷ್ಮೀಪತಿ, ಮೆಲ್ಲಗೆ.
ನಾನು ಸುಮ್ಮನಿದ್ದೆ. ಬೇಸ್ ನುಡಿಸುವವರ ರೂಢಿ ಅದು.

ಜಬೀವುಲ್ಲಾ ಮಾತ್ರ ತಲೆ ವಾರೆ ಮಾಡಿ ಕೇಳಿದ,
ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ
ಒಳಗಿನ ಹುಳ ಕೇಳುವ ಹಾಗೆ.
‘ಒಂದೂ ತಪ್ಪಿಲ್ಲವಲ್ಲಮ್ಮ ಇದರಲ್ಲಿ.
ಹೇಗೆ ನಂಬೋದು?’
ಎದ್ದು ಹೋಗಿ ಮೂರನೇ ಮಿಷನ್ನಿನ ಸ್ವಿಚ್ಚು ಒತ್ತಿದ.
ಅದರ ಬೆಲ್ಟು ಹರಿದು, ಹೊಲಿದು, ಮತ್ತೆ ಹರಿದು ಹೊಲಿದದ್ದು;
ಪ್ರತಿ ಸುತ್ತಿಗೂ ಹೊಲಿಗೆ ರಾಟೆಗೆ ತಾಗಿ
ಟಕ್,
ಕೂದಲೆಳೆ ತಡವಾಗಿ, ಟಕ್.
ಅವಳು ಫೋನಿನಲ್ಲಿ ಅದನ್ನು ಹಿಡಿದು ಬೀಟಿನ ಅಡಿಗೆ ಹಾಸಿದಳು.
‘ಹಾಂ’ ಅಂದ. ‘ಈಗ ಉಸಿರಾಡ್ತಾ ಇದೆ.’

ಲಕ್ಷ್ಮೀಪತಿಯನ್ನು ಕೇಳಿದ್ದು ಒಂದೇ ಒಂದು ಕೂಗು.
ಅವನು ವಾಚು ಬಿಚ್ಚಿಟ್ಟ. ಕಣ್ಣು ಮುಚ್ಚಿದ.
ಗಲ್ಲಿಯ ನಾಯಿಗಳೆಲ್ಲ ಒಟ್ಟಿಗೆ ಎದ್ದವು.
ನಾಲ್ಕು ಸೆಕೆಂಡು.
ಬೆಂದ ಗೂಡಿನ ಮೈ ಸವರಿ ಎಳೆಯ ತುದಿ ಹುಡುಕುವ ಹಾಗೆ
ಅವಳು ಆ ಕೂಗಿನ ತುದಿ ಹುಡುಕಿದಳು,
ಸಿಕ್ಕಿತು, ಎಳೆದಳು, ಎಳೆದಳು,
ನಾಲ್ಕು ನಿಮಿಷ ಬಂತು, ತುಂಡಾಗದೆ.
ಮಗುಚಿದ ಬುಟ್ಟಿಯ ಮೇಲೆ ಕೂತು ಅವನು ಕೇಳಿದ:
‘ಇದು ನಾನಾ?’
ಇನ್ನೂ ಸ್ವಲ್ಪ ಹೊತ್ತಾದ ಮೇಲೆ:
‘ಇಷ್ಟು ಉದ್ದ ಇತ್ತಾ ನನ್ನೊಳಗೆ?’

ಮೊದಲ ಸಲ ನುಡಿಸಿದ್ದು ಚಿಕ್ಕಬಳ್ಳಾಪುರದಲ್ಲಿ,
ಟೊಮೆಟೊ ಟೆಂಪೋ ಚಾಲಕರ ವಾರ್ಷಿಕೋತ್ಸವ.
ಜಬೀವುಲ್ಲಾನ ಕೆಲಸ ಎಡಗೈ ಬೆರಳಲ್ಲಿ ಒಂದು ಗುಂಡಿ ಒತ್ತುವುದು,
ಹದಿನಾರು ಸುತ್ತಿಗೊಮ್ಮೆ.
ಅದಕ್ಕೇ ಅಂಗಿ ಪೂರ್ತಿ ನೆನೆದಿತ್ತು.

ಜನ ಕುಣಿದರು.
ನಮ್ಮೆದುರು ಯಾರೂ ಕುಣಿದಿರಲಿಲ್ಲ ಯಾವತ್ತೂ.
ತಲೆ ಆಡಿಸಿದ್ದರು, ಭುಜಕ್ಕೆ ಭುಜ ಗುದ್ದಿದ್ದರು,
ಒಮ್ಮೆ ಚಿಂತಾಮಣಿಯಲ್ಲಿ ಕಲ್ಲೂ ಎಸೆದಿದ್ದರು. ಅದೆಲ್ಲ ಗೊತ್ತು.
ಸೊಂಟ ತಿರುಗಿಸುವವರನ್ನು ನೋಡುವುದು ಹೇಗೆ?
ನಾನು ಆಂಪ್ಲಿಫೈಯರಿನ ಕೆಂಪು ದೀಪ ನೋಡುತ್ತ ನಿಂತೆ.

ಗೌರಿಬಿದನೂರಿನ ನಂಜೇಗೌಡ ಬಂದಿದ್ದ,
ಎರಡು ಸಾವಿರದ ನಾಲ್ಕರ ನಮ್ಮದೇ ಕಪ್ಪು ಟೀಶರ್ಟಿನಲ್ಲಿ.
ಒಗೆದು ಒಗೆದು ಬುರುಡೆ ಆಲೂಗಡ್ಡೆಯಾಗಿತ್ತು.
‘ಹಳೇದು ಹಾಕ್ರೋ!’ ಅಂದ ಎರಡು ಸಲ.
ಮೂರನೆಯ ಸಲ ಅನ್ನಲಿಲ್ಲ. ಹೊರಟುಹೋದ.

ಕೊನೆಯ ಹಾಡಿನ ನಡುವೆ ನನ್ನ ಪಾಲು ಮುಗಿಯಿತು.
ಹೊರಗೆ ಬಂದೆ. ಅವನು ಬೈಕಿನ ಮೇಲೆ ಕೂತೇ ಇದ್ದ,
ಕೀಲಿ ತಿರುಗಿಸದೆ.
‘ಹೊರಗೆ ಬೇರೇನೂ ಕೇಳಲ್ಲ,’ ಅಂದ, ‘ನಿನ್ನ ಬೇಸ್ ಒಂದೇ.’
ಹೊಗಳಿದನೋ ಬೈದನೋ.
ನನ್ನ ಕೈ ಹಿಡಿದು ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟ.
ನಡುಗುತ್ತಿತ್ತು.

ನಾನು ಇಲ್ಲಿದ್ದೆ.
ಒಳಗೆ ನಾನು ನುಡಿಸುತ್ತಲೇ ಇದ್ದೆ.